ಕಪಾಟಿನಲ್ಲಿ ಎರಡು ಮೇಣದಬತ್ತಿ

ಕ್ಲೋಟಿಲ್ಡಾ ಪಿಂಟೊ ಸುಳ್ಳು ಹೇಳುವ ಹೆಂಗಸಲ್ಲ. ದೇವರ ಭಯ ಒಂದು ಕಾರಣವಾದರೆ, ಹೇಳಲು ಬರುವುದೇ ಇಲ್ಲ ಎನ್ನುವುದು ಇನ್ನೊಂದು. ಮಗಳ ಮದುವೆಗೆಂದು ಗಂಡ ಜಾರ್ಜ್ ಆಸೆಪಟ್ಟು ಹೊಲಿಸಿಕೊಂಡ ಕೋಟನ್ನು ತೊಟ್ಟು "ಹೇಗುಂಟು?" ಎಂದು ಕೇಳಿದಾಗ, "ಸೋಫಾಕ್ಕೆ ಕವರ್ ಹಾಕಿದ ಹಾಗುಂಟು" ಎಂದುಬಿಟ್ಟಿದ್ದಳು. ಪಾಪ, ಮದುವೆ ಮುಗಿದ ಮೇಲೆ ಜಾರ್ಜ್ ಆ ಕೋಟನ್ನು ಮತ್ತೆ ಮುಟ್ಟಿಲ್ಲ.

ಈ ಗುಣ ಅವಳ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಲಂಡನ್ನಿನಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಏಜೆನ್ಸಿಯೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ಕೇರರ್. ಪ್ರತಿ ಮನೆಯ ಕೆಲಸ ಮುಗಿದ ಮೇಲೆ ಫೋನಿನಲ್ಲಿ ವರದಿ ಬರೆಯಬೇಕು: ಏನು ತಿಂದರು, ಮಾತ್ರೆ ನುಂಗಿದರೇ, ಮನಸ್ಸು ಹೇಗಿದೆ, ಅಪಾಯದ್ದೇನಾದರೂ ಕಂಡಿತೇ. ಉಳಿದವರು "ಊಟ ಆಯಿತು, ಚೆನ್ನಾಗಿದ್ದಾರೆ" ಎಂದು ಒಂದು ಸಾಲು ಒತ್ತಿ ಬಸ್ಸು ಹಿಡಿಯುತ್ತಿದ್ದರು. ಕ್ಲೋಟಿಲ್ಡಾ ಹಾಗಲ್ಲ. "ಟೋಸ್ಟಿನ ಅಂಚು ಬಿಟ್ಟರು. ಎಡಗಾಲಿನ ಸಾಕ್ಸ್ ಒಳಮೈ ಹೊರಗಾಗಿತ್ತು. ಸತ್ತ ತಂಗಿಯ ಹೆಸರು ಎರಡು ಸಲ ಹೇಳಿದರು." ಅವಳ ಕಣ್ಣು ತಪ್ಪಿಸಿ ಒಂದು ಚಮಚ ಜಾಗ ಬದಲಿಸುವ ಹಾಗಿರಲಿಲ್ಲ. ಹೊಸದಾಗಿ ಸೇರಿದವರಿಗೆ ಏಜೆನ್ಸಿಯ ವಿನೀತ್ ಅವಳ ವರದಿಗಳನ್ನೇ ತೋರಿಸಿ, "ಹೀಗೆ ಬರೀಬೇಕು ಮಾರಾಯ್ರೆ" ಎನ್ನುತ್ತಿದ್ದ. ಅದನ್ನು ಕೇಳಿಸಿಕೊಂಡ ದಿನ ಕ್ಲೋಟಿಲ್ಡಾ ಮನೆಗೆ ಹೋಗಿ ಎರಡು ಬಗೆ ಪದಾರ್ಥ ಮಾಡುತ್ತಿದ್ದಳು.

ಈ ವಿನೀತ್ ಕುಂದಾಪುರದವ. ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತೈದು ವರ್ಷ ಚಿಕ್ಕವ, ಕೆಲಸದಲ್ಲಿ ಅವಳ ಮೇಲಿನವ. ಕರಾವಳಿಯಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವಂತೆ ಅವಳನ್ನು 'ಬಾಯಮ್ಮ' ಎಂದೇ ಕರೆಯುತ್ತಿದ್ದ. ಕಳೆದ ಸೆಪ್ಟೆಂಬರಿನಲ್ಲಿ ಅವನು ಹೊಸ ವಿಳಾಸವೊಂದನ್ನು ಕಳಿಸಿದ. ಇಲ್ಫರ್ಡಿನಲ್ಲೇ, ಅವಳ ಮನೆಯಿಂದ ಎರಡು ಬಸ್‌ಸ್ಟಾಪ್ ದೂರದಲ್ಲಿ, ವೃದ್ಧರಿಗೆಂದೇ ಕಟ್ಟಿದ ಫ್ಲ್ಯಾಟುಗಳ ಸಾಲು. ಮಿಸ್ ಎಸ್ತರ್ ಪಿಂಟೊ, ಎಂಬತ್ತಾರು ವರ್ಷ, ಒಬ್ಬರೇ ಇರುವುದು, ಭೇಟಿ ಸಂಜೆ ನಾಲ್ಕರಿಂದ ಐದು.

ಪಿಂಟೊ! ಕ್ಲೋಟಿಲ್ಡಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಿಂಟೊ ಅಂದರೆ ನಮ್ಮವರೇ, ಇನ್ನು ಕೇಳುವುದೇನು? ತನ್ನ ಹಾಗೆ ಶಿರ್ವದವರು ಅಲ್ಲದಿದ್ದರೆ ಕಲ್ಯಾಣಪುರದವರು, ಅದೂ ಅಲ್ಲದಿದ್ದರೆ ಗೋವೆಯವರು. ಮದುವೆಯಾಗದೆ ಉಳಿದ ಮುದುಕಿ, ಊರಿನ ಅಡುಗೆಯ ರುಚಿ ಕಂಡು ಎಷ್ಟು ವರ್ಷವಾಯಿತೋ ಏನೋ. ಮೊದಲ ದಿನವೇ ಬೆಳಿಗ್ಗೆ ಎದ್ದು ಹಂದಿಮಾಂಸದ ಬಾಫಾತ್ ಮಾಡಿದಳು, ಜೊತೆಗೆ ಇಡ್ಲಿಯ ಹಾಗೆ ಹಬೆಯಲ್ಲಿ ಹತ್ತಿಯಂಥ ಸಾನ್ನಾ ಬೇಯಿಸಿದಳು, ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಬಿಳಿ ಕೂದಲಿನ, ಕೊಕ್ಕಿನಂಥ ಮೂಗಿನ, ಕಡ್ಡಿಯ ಹಾಗಿದ್ದ ಮುದುಕಿ. ಡಬ್ಬಿ ತೆರೆದಾಗ ಮೂಗು ಮುಂದೆ ಬಂತು.

"ಅದ್ಭುತ ವಾಸನೆ. ಇದು ಏನು?"

"ಪೋರ್ಕ್. ನಮ್ಮ ಊರಿನ ರೀತಿಯಲ್ಲಿ," ಎಂದಳು ಕ್ಲೋಟಿಲ್ಡಾ, ಹೆಮ್ಮೆಯಿಂದ.

ಮುದುಕಿ ಡಬ್ಬಿಯನ್ನು ನೋಡಿದರು, ಇವಳನ್ನು ನೋಡಿದರು, ಆಮೇಲೆ ಕುರ್ಚಿ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ಇವರಿಗೇನೋ ಆಗಿಯೇ ಹೋಯಿತು ಎಂದು ಹೆದರಿ ಕ್ಲೋಟಿಲ್ಡಾ ಬೆನ್ನು ತಟ್ಟಿದಳು.

"ಮಿಸೆಸ್ ಪಿಂಟೊ, ನಾನು ಯೆಹೂದಿ, ಹಂದಿ ತಿನ್ನುವ ಹಾಗಿಲ್ಲ," ಎಂದರು ಮುದುಕಿ, ಉಸಿರು ಸಿಕ್ಕ ಮೇಲೆ. "ಐನೂರು ವರ್ಷದ ಹಿಂದೆ ನಮ್ಮ ಹಿರಿಯರ ಮನೆಗೆ ಹಂದಿಮಾಂಸ ಕಳಿಸುತ್ತಿದ್ದರು, ತಿನ್ನುತ್ತಾರೋ ಇಲ್ಲವೋ ಪರೀಕ್ಷೆ ಮಾಡಲಿಕ್ಕೆ. ಪ್ರೀತಿಯಿಂದ ತಂದವರು ನೀವೇ ಮೊದಲು."

ಕ್ಲೋಟಿಲ್ಡಾಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಎಸ್ತರ್ ಬಿಡಲಿಲ್ಲ. ಕೈಹಿಡಿದು ಕೂರಿಸಿ, ತಾವೇ ಚಹಾ ಮಾಡಿಕೊಟ್ಟು, ಸಾನ್ನಾ ಮಾತ್ರ ಎರಡು ತಿಂದರು. ಆ ದಿನದ ವರದಿಯಲ್ಲಿ ಕ್ಲೋಟಿಲ್ಡಾ ಬರೆದಳು: "ಸಾನ್ನಾ ಎರಡು. ಪೋರ್ಕ್ ತಿನ್ನಲಿಲ್ಲ, ತಪ್ಪು ನನ್ನದು."

ಎಸ್ತರ್ ಪಿಂಟೊ ನಲವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಕಲಿಸಿದವರು. ಉಳಿದ ಹೊತ್ತೆಲ್ಲ ಒಂದೇ ಕೆಲಸ: ಹದಿನಾರನೆಯ ಶತಮಾನದ ಪೋರ್ಚುಗಲ್ಲಿನಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ಕೋರ್ಟು ಬರೆದಿಟ್ಟ ಕಾಗದಗಳನ್ನು ಓದುವುದು. ಹೊರಗೆ ಕ್ರಿಸ್ತರಾಗಿ, ಒಳಗೆ ಗುಟ್ಟಾಗಿ ಯೆಹೂದಿಗಳಾಗಿಯೇ ಬದುಕುತ್ತಿದ್ದವರನ್ನು ಹುಡುಕಿ ಹಿಡಿಯುವ ಕೋರ್ಟು ಅದು. ಮನೆಯಲ್ಲಿ ಒಂದು ಗೋಡೆಯ ತುಂಬ ಅವುಗಳ ನಕಲು ಪ್ರತಿಗಳು. ಯಾರಿಗೂ ಬೇಡವಾಗಿದ್ದ ಆ ಕಥೆಗಳಿಗೆ ದಿನಾ ನಾಲ್ಕು ಗಂಟೆಗೆ ಕೇಳುವವಳೊಬ್ಬಳು ಸಿಕ್ಕಿದ್ದು ಅವರಿಗೆ ಹಬ್ಬವಾಯಿತು. ಕ್ಲೋಟಿಲ್ಡಾ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರೆ, ಅವರು ಹೇಳುತ್ತ ಹೋಗುತ್ತಿದ್ದರು.

"ನಮ್ಮ ಹೆಸರು ಒಂದೇ ಯಾಕೆ ಗೊತ್ತೇ? ನಮ್ಮವರಿಗೆ ಪೋರ್ಚುಗಲ್ಲಿನಲ್ಲಿ ಬಲವಂತದ ಸ್ನಾನದೀಕ್ಷೆ ಕೊಟ್ಟು ಪಿಂಟೊ ಅಂದರು. ಅದೇ ಪೋರ್ಚುಗೀಸರು ಗೋವೆಗೆ ಬಂದು ನಿಮ್ಮವರ ತಲೆಗೆ ನೀರು ಹೊಯ್ದು ಪಿಂಟೊ ಅಂದರು. ಒಂದೇ ಚೊಂಬಿನ ನೀರು!"

"ನಮ್ಮವರು ಗೋವೆಯಿಂದ ಓಡಿಬಂದವರಂತೆ. ನನ್ನ ಅಜ್ಜಿ ಹೇಳುತ್ತಿದ್ದರು. ಯಾಕೆ ಓಡಿದರು ಅಂತ ಮಾತ್ರ ಹೇಳುತ್ತಿರಲಿಲ್ಲ."

"ಅನ್ನಕ್ಕೆ ಉಪ್ಪು ಹಾಕಿ ಬೇಯಿಸುತ್ತೀರೋ, ಹಾಕದೆಯೋ?"

"ಅನ್ನಕ್ಕೆ ಯಾರಾದರೂ ಉಪ್ಪು ಹಾಕುತ್ತಾರಾ?"

"ಹಾಗಾದರೆ ನಿಮ್ಮನ್ನೂ ಹಿಡಿಯುತ್ತಿದ್ದರು," ಎಂದರು ಎಸ್ತರ್, ಕಣ್ಣು ಮಿಟುಕಿಸಿ. "ಉಪ್ಪಿಲ್ಲದೆ ಅನ್ನ ಬೇಯಿಸುವುದು ಹಿಂದೂಗಳ ರೀತಿ, ಹಾಗೆ ಮಾಡಕೂಡದು ಅಂತ ಗೋವೆಯಲ್ಲಿ ಆಜ್ಞೆ ಹೊರಡಿಸಿದ್ದರು."

ಕ್ಲೋಟಿಲ್ಡಾ ಅಂದು ಮನೆಯಲ್ಲಿ ಕುಕ್ಕರಿನ ಮುಂದೆ ಐದು ನಿಮಿಷ ಸುಮ್ಮನೆ ನಿಂತಿದ್ದಳು. ಅನ್ನ ಬೇಯಿಸುವ ಕೈಯನ್ನೂ ನೋಡಿ ಯಾರೋ ಬರೆದುಕೊಳ್ಳುತ್ತಿದ್ದರಲ್ಲ, ದೇವರೇ.

ಎಸ್ತರ್‌ಗೆ ಹೆಚ್ಚು ಪ್ರಿಯವಾದ ಕಾಗದ ೧೫೪೪ರದ್ದು. ಲಿಸ್ಬನ್ನಿನ ಬ್ರಾಂಕಾ ಎಂಬ ಹೆಂಗಸಿನ ಮೇಲೆ ಅವಳ ಮನೆಗೆಲಸದ ಕತಾಲಿನಾ ಹೇಳಿದ ಸಾಕ್ಷಿ. ಯೆಹೂದಿಗಳ ಸಬ್ಬತ್ ಎಂಬ ವಾರದ ಹಬ್ಬ ಶುಕ್ರವಾರ ಸಂಜೆ ಶುರುವಾಗುತ್ತದೆ. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದ ಕತಾಲಿನಾ ಎಲ್ಲವನ್ನೂ ಹೇಳಿದ್ದಳು. ನನ್ನ ಒಡತಿ ಶುಕ್ರವಾರ ಸಂಜೆ ತೊಳೆದ ರವಿಕೆ ತೊಡುತ್ತಾಳೆ. ಮಾಂಸವನ್ನು ಉಪ್ಪು ಹಚ್ಚಿ, ನೀರಲ್ಲಿ ನೆನೆಸಿ, ರಕ್ತ ತೆಗೆದು ಬೇಯಿಸುತ್ತಾಳೆ. ಸೂರ್ಯ ಮುಳುಗುವ ಮುಂಚೆ ಮಡಕೆಯೊಳಗೆ ಎರಡು ದೀಪ ಹಚ್ಚಿ ಕಪಾಟಿನಲ್ಲಿಟ್ಟು ಅದರ ಮುಂದೆ ಕೂರುತ್ತಾಳೆ. ಶುಕ್ರವಾರ ನನಗೂ ಒಂದು ತೊಳೆದ ರವಿಕೆ ಕೊಡುತ್ತಾಳೆ.

"ಬ್ರಾಂಕಾಳನ್ನು ಏನು ಮಾಡಿದರು?" ಕ್ಲೋಟಿಲ್ಡಾ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ್ದಳು.

"ಎರಡು ವರ್ಷ ಜೈಲು. ಆಮೇಲೆ ಕಾಗದದಲ್ಲಿ ಅವಳಿಲ್ಲ. ಹಡಗು ಹತ್ತಿ ಇಲ್ಲಿಗೇ ಬಂದಳು ಅಂತ ನನ್ನ ಆಸೆ. ಆಗ ಲಂಡನ್ನಿನಲ್ಲಿ ಟವರ್ ಕೋಟೆಯ ಪಕ್ಕದ ಓಣಿಗಳಲ್ಲಿ ಅಂಥ ಕೆಲವು ಮನೆಗಳಿದ್ದವು, ಹೊರಗೆ ಕ್ರಿಸ್ತರು, ಒಳಗೆ ನಮ್ಮವರು. ಮೂವತ್ತು ವರ್ಷ ಹುಡುಕಿದೆ, ಸಿಗಲಿಲ್ಲ."

"ಆ ಕತಾಲಿನಾಳ ನಾಲಿಗೆ ಬಿದ್ದುಹೋಗಲಿ!"

"ಹಾಗನ್ನಬೇಡಿ. ಬ್ರಾಂಕಾ ದೀಪ ಹಚ್ಚುತ್ತಿದ್ದಳು ಅಂತ ಇವತ್ತು ನನಗೆ ಗೊತ್ತಿರುವುದೇ ಕತಾಲಿನಾಳಿಂದ. ಅಷ್ಟು ಚೆನ್ನಾಗಿ ನೋಡಿದ್ದಾಳೆ ಅಂದರೆ ಪ್ರೀತಿ ಇತ್ತು ಅಂತ ಅರ್ಥ. ವಿಚಾರಣೆಯ ಕೊನೆಗೆ ಸಾಕ್ಷಿಯನ್ನು ಒಂದು ಪ್ರಶ್ನೆ ಕೇಳುತ್ತಿದ್ದರು, ಇವಳ ಮೇಲೆ ನಿನಗೆ ಹಗೆ ಉಂಟೇ ಅಂತ. ಕತಾಲಿನಾ ಹೇಳಿದ್ದಾಳೆ: ಇಲ್ಲ, ಅವಳು ನನ್ನನ್ನು ಚೆನ್ನಾಗಿ ನೋಡಿಕೊಂಡಳು, ನನಗೆ ಅವಳ ಮೇಲೆ ಪ್ರೀತಿ ಉಂಟು." ಎಸ್ತರ್ ಕನ್ನಡಕ ಒರೆಸಿಕೊಂಡರು. "ಪ್ರೀತಿ ಇದ್ದವಳು ಯಾಕೆ ಹೇಳಿದಳು? ನನಗೆ ಇವತ್ತಿಗೂ ತಿಳಿದಿಲ್ಲ."

ಕ್ಲೋಟಿಲ್ಡಾ ಫೋನು ತೆಗೆದು ವರದಿ ಬರೆಯತೊಡಗಿದಳು. ಎಸ್ತರ್ ಓರೆಗಣ್ಣಿನಿಂದ ನೋಡಿ, "ಬರಿ ಕತಾಲಿನಾ, ಬರಿ" ಎಂದು ನಕ್ಕರು. ಅಂದಿನಿಂದ ಅದೊಂದು ತಮಾಷೆಯಾಯಿತು. ಫೋನು ಹೊರಬಂದರೆ ಸಾಕು, ಅವಳು ಮಿಸೆಸ್ ಪಿಂಟೊ ಹೋಗಿ ಕತಾಲಿನಾ ಆಗುತ್ತಿದ್ದಳು.

ಅಕ್ಟೋಬರಿನಲ್ಲಿ ಎರಡು ಘಟನೆ ನಡೆದವು. ಒಂದು ಸೋಮವಾರ ಹಾಲಿನ ಪಾತ್ರೆ ಒಲೆಯ ಮೇಲೆ ಮರೆತು ಕರಕಲಾಗಿತ್ತು. ಎರಡು ವಾರ ಬಿಟ್ಟು ಮೊಟ್ಟೆ ಬೇಯಲಿಟ್ಟು ನೀರೆಲ್ಲ ಇಂಗಿ ಮೊಟ್ಟೆ ಸಿಡಿದಿತ್ತು. ಕ್ಲೋಟಿಲ್ಡಾ ಎರಡನ್ನೂ ವರದಿಯಲ್ಲಿ 'ಅಪಾಯ' ಎಂದಿರುವ ಜಾಗದಲ್ಲಿ ಬರೆದಳು, ಪಾತ್ರೆಯ ಫೋಟೊ ಸಮೇತ. ಬರೆಯದೆ ಇರುವುದು ಹೇಗೆ? ಮುದುಕಿಯ ಒಳ್ಳೆಯದಕ್ಕೇ ತಾನೇ.

ನವೆಂಬರಿನ ಮೊದಲ ಶುಕ್ರವಾರ ಕ್ಲೋಟಿಲ್ಡಾ ತನ್ನ ಕೀಲಿಯಿಂದ ಬಾಗಿಲು ತೆರೆದಾಗ ಮೇಣದ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಆಗಲೇ ಬೆಳಕು ಇಳಿದಿತ್ತು. ಒಳಗಿನ ಕೋಣೆಯಲ್ಲಿ ಪಿಂಗಾಣಿ ಪಾತ್ರೆಗಳ ಕಪಾಟಿನ ಬಾಗಿಲು ಅರ್ಧ ತೆರೆದಿದೆ, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಒಂದು ಹೂಕುಂಡ ಇಟ್ಟಿದೆ, ಅದರೊಳಗೆ ಎರಡು ಮೇಣದಬತ್ತಿ ಉರಿಯುತ್ತಿವೆ. ಮುಂದೆ ಎಸ್ತರ್, ಇಸ್ತ್ರಿ ಮಾಡಿದ ಬಿಳಿ ಬ್ಲೌಸ್ ತೊಟ್ಟು ಮಕ್ಕಳ ಹಾಗೆ ಕೂತಿದ್ದರು.

ಕ್ಲೋಟಿಲ್ಡಾ ಚೀಲವನ್ನು ಬಾಗಿಲಲ್ಲೇ ಬಿಟ್ಟು ಓಡಿದಳು. ಆ ಫ್ಲ್ಯಾಟುಗಳಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಲಿಫ್ಟಿನ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದರು.

"ಮಿಸ್ ಪಿಂಟೊ! ಮನೆ ಸುಟ್ಟುಹೋದರೆ? ಮೇಲಿನ ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡಿರುವವರು ಇದ್ದಾರೆ. ನಿಮಗೆ ತಲೆ ಸರಿ ಉಂಟಾ?"

"ಸೊಸೆ ಬ್ಯಾಟರಿಯ ಮೇಣದಬತ್ತಿ ಕಳಿಸಿದ್ದಾಳೆ, ತಮ್ಮನ ಮಗನ ಹೆಂಡತಿ," ಎಂದರು ಎಸ್ತರ್. "ಗುಂಡಿ ಒತ್ತಿ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿ ನೋಡಿದೆ. ನನಗೆ ಯಾರ ನೆನಪೂ ಬರಲಿಲ್ಲ. ನನ್ನ ಅಮ್ಮ ಹಚ್ಚುತ್ತಿದ್ದರು, ಅವರ ಅಮ್ಮ ಹಚ್ಚುತ್ತಿದ್ದರು. ಈ ಫ್ಲ್ಯಾಟುಗಳನ್ನು ನೋಡಿಕೊಳ್ಳುವ ವಾರ್ಡನ್‌ಗೆ ಕಿಟಕಿಯಿಂದ ಕಾಣದಿರಲಿ ಅಂತ ಕಪಾಟಿನಲ್ಲಿಟ್ಟೆ. ಇಟ್ಟ ಮೇಲೆ ಗೊತ್ತಾಯಿತು ನಾನೇನು ಮಾಡಿದೆ ಅಂತ." ಅವರು ನಗಲು ನೋಡಿದರು, ಆಗಲಿಲ್ಲ. "ಬರಿ ಕತಾಲಿನಾ."

ಕ್ಲೋಟಿಲ್ಡಾ ಫೋನು ತೆಗೆದಳು. ಅಪಾಯದ ಜಾಗ ತೆರೆದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಬೆರಳು ಮುಂದೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ವಿನೀತ್‌ಗೆ ಫೋನು ಮಾಡಿದಳು.

"ಒಂದು ವಿಷಯ ಕೇಳ್ಲಿಕ್ಕೆ ಮಾಡಿದ್ದು ಮಾರಾಯ. ಮಿಸ್ ಪಿಂಟೊ ಮನೆಯಲ್ಲಿ ಬೆಂಕಿಯದ್ದು ಇನ್ನೊಂದು ಏನಾದ್ರೂ ಆದ್ರೆ ಎಂತ ಆಗ್ತದೆ?"

"ಎಂತ ಆಯ್ತು ಬಾಯಮ್ಮ?"

"ಏನೂ ಆಗ್ಲಿಲ್ಲ. ಸುಮ್ಮನೆ ಕೇಳಿದ್ದು."

"ಈಗಾಗ್ಲೇ ಎರಡು ನೋಟ್ ಬಿದ್ದಿದೆಯಲ್ಲ, ನೀವೇ ಹಾಕಿದ್ದು. ಮೂರಾದ್ರೆ ಅಲ್ಲಿ ಒಬ್ರೇ ಇರ್ಲಿಕ್ಕೆ ಕೌನ್ಸಿಲ್‌ನವ್ರು ಬಿಡುದಿಲ್ಲ. ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ವೃದ್ಧಾಶ್ರಮದಲ್ಲಿ ಜಾಗ ಖಾಲಿ ಉಂಟಂತೆ. ಈ ತಿಂಗಳು ರಿವ್ಯೂಗೆ ನಾನೇ ಬರ್ಲಿಕ್ಕುಂಟು."

ಕ್ಲೋಟಿಲ್ಡಾ ಸಿಂಕನ್ನು ಹಿಡಿದು ನಿಂತಳು. ಎರಡು ನೋಟು, ನೀವೇ ಹಾಕಿದ್ದು. ಅಕ್ಸ್‌ಬ್ರಿಡ್ಜ್ ಲಂಡನ್ನಿನ ಆ ತುದಿ, ಇಲ್ಫರ್ಡ್ ಈ ತುದಿ. ಆ ಕಾಗದಗಳ ಗೋಡೆಯನ್ನು ಅಲ್ಲಿ ಯಾರು ಇಡಲು ಬಿಡುತ್ತಾರೆ? ತನ್ನ ಅಷ್ಟು ಹೆಮ್ಮೆಯ ಬರಹ ಒಂದೊಂದೇ ಸಾಲಾಗಿ ಈ ಮುದುಕಿಯನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು, ತನಗೆ ಅದು ಗೊತ್ತೂ ಇರಲಿಲ್ಲ. ಕತಾಲಿನಾಳ ನಾಲಿಗೆ ಬಿದ್ದುಹೋಗಲಿ ಎಂದು ಶಾಪ ಹಾಕಿದವಳು ತಾನೇ ಅಲ್ಲವೇ. ಅವಳಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆಗಳನ್ನು ಧಡಧಡ ತೊಳೆದಳು.

ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡಿ ಮಿಸ್ ಪಿಂಟೊ. ನಾನಿಲ್ಲದಾಗ ಕಡ್ಡಿ ಗೀರುವ ಹಾಗಿಲ್ಲ. ಕುಂಡಕ್ಕೆ ಅರ್ಧ ಮರಳು ತುಂಬಿಸಬೇಕು. ಮೇಲಿನ ಹಲಗೆ ತೆಗೆಯಬೇಕು, ಬಿಸಿ ತಾಗುತ್ತದೆ. ನಾನು ಬಂದ ಮೇಲೆ ಹಚ್ಚುವುದು, ಅದು ತಾನಾಗಿ ಆರುವ ತನಕ ನಾನು ಇಲ್ಲೇ ಕೂರುವುದು."

"ನಿಮ್ಮದು ಐದು ಗಂಟೆಗೆ ಮುಗಿಯುತ್ತದೆ. ಇದು ಆರುವಾಗ ಆರೂವರೆ."

"ಜಾರ್ಜ್‌ಗೆ ಕೈ ಉಂಟು. ಅನ್ನ ಅವನೇ ಇಡಲಿ."

ವರದಿಯಲ್ಲಿ ಅಂದು ಟೊಮೆಟೊ ಸೂಪು, ಬ್ರೆಡ್ಡು, ಮಾತ್ರೆ ಎಲ್ಲ ಇತ್ತು. ಅಪಾಯದ ಜಾಗ ಮಾತ್ರ ಖಾಲಿಯಿತ್ತು. ಆ ಖಾಲಿ ಜಾಗ ಅವಳಿಗೆ ಇಡೀ ವಾರ ಹಲ್ಲಿನಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚಿತು. ಆದರೂ ಮುಂದಿನ ಶುಕ್ರವಾರ ಮಾತು ತಪ್ಪಲಿಲ್ಲ. ಮರಳು ತಂದಳು, ಹಲಗೆ ಬಿಚ್ಚಿದಳು, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟಳು. ಎಸ್ತರ್ ಮೂರು ಸಲ ಕೈಯನ್ನು ಬೆಳಕಿನ ಮೇಲಿಂದ ತಮ್ಮ ಕಡೆಗೆ ಎಳೆದುಕೊಂಡು, ಮುಖ ಮುಚ್ಚಿಕೊಂಡು ಪಿಸುಗುಟ್ಟುತ್ತಿದ್ದರೆ, ಇವಳು ಪಕ್ಕದಲ್ಲಿ ಕೂತು ಏಪ್ರನ್ನಿನ ಜೇಬಿನೊಳಗೇ ಜಪಮಾಲೆಯ ಮಣಿ ಉರುಳಿಸಿದಳು.

ವಿನೀತ್ ಅದಾದ ಸೋಮವಾರ ಬರುತ್ತೇನೆ ಎಂದಿದ್ದ. ಟ್ಯೂಬ್ ರೈಲಿನವರ ಮುಷ್ಕರ ಎಂದು ಬರಲಿಲ್ಲ. ಬಂದದ್ದು ಆ ವಾರದ ಶುಕ್ರವಾರ, ನಾಲ್ಕೂಕಾಲಿಗೆ, ಒಂದು ಮಾತೂ ಹೇಳದೆ.

ಕರೆಗಂಟೆ ಬಡಿದಾಗ ಮೇಣದಬತ್ತಿ ಹಚ್ಚಿ ಹತ್ತು ನಿಮಿಷವಾಗಿತ್ತು. ಕ್ಲೋಟಿಲ್ಡಾ ಕಪಾಟಿನ ಬಾಗಿಲನ್ನು ಒಂದು ಬೆರಳು ಸಂದಿ ಬಿಟ್ಟು ಸರಿಸಿದಳು. ವಿನೀತ್ ಟ್ಯಾಬ್ಲೆಟ್ ಹಿಡಿದು ಒಳಗೆ ಬಂದು, ಎಸ್ತರ್‌ಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ಒಲೆ ನೋಡಿ, ಟೋಸ್ಟರ್ ನೋಡಿ, ಒಳಗಿನ ಕೋಣೆಗೆ ಬಂದು ನಿಂತ. ಮೂಗು ಅರಳಿತು.

"ಎಂತ ಬಾಯಮ್ಮ, ಕ್ಯಾಂಡಲ್ ವಾಸನೆ?" ಎಂದ ಕನ್ನಡದಲ್ಲಿ.

ಕ್ಲೋಟಿಲ್ಡಾ ಮೇಜು ಒರೆಸತೊಡಗಿದಳು. ಅವನು ವಾಸನೆಯ ಜಾಡು ಹಿಡಿದು ಹೋಗಿ ಕಪಾಟಿನ ಬಾಗಿಲು ತೆರೆದ. ಎರಡು ಪುಟ್ಟ ಜ್ವಾಲೆ ಗಾಳಿಗೆ ಬಾಗಿ ಮತ್ತೆ ನೆಟ್ಟಗಾದವು.

ಎಸ್ತರ್ ಕುರ್ಚಿಯ ಕೈ ಹಿಡಿದು ಎದ್ದರು. "ಯಂಗ್ ಮ್ಯಾನ್, ಅದು..."

"ನನ್ನದು," ಎಂದಳು ಕ್ಲೋಟಿಲ್ಡಾ.

ಇಂಗ್ಲಿಷಿನಲ್ಲೇ ಹೇಳಿದಳು, ಇಬ್ಬರಿಗೂ ತಿಳಿಯುವ ಹಾಗೆ. ಏಪ್ರನ್ನಿನ ಜೇಬಿನಿಂದ ಜಪಮಾಲೆ ತೆಗೆದು ಕುಂಡದ ಮುಂದೆ ಇಟ್ಟಳು. "ನಾನು ಹಚ್ಚಿದ್ದು. ನವೆಂಬರ್ ನಮಗೆ ಸತ್ತವರ ತಿಂಗಳು. ಮಿಸ್ ಪಿಂಟೊ ಬೇಡ ಅಂದರು. ನಾನು ಕೇಳಲಿಲ್ಲ."

ಅವಳ ಕಿವಿ ಕೆಂಪಾಗಿತ್ತು. ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದವರನ್ನು ವಿನೀತ್ ತನ್ನ ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ಅವನೂ ಕುಂದಾಪುರದಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದಿದವ, ಬಾಯಮ್ಮಂದಿರ ಹಬ್ಬಹರಿದಿನ ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಎರಡು ಯಾಕೆ?" ಎಂದ, ಮತ್ತೆ ಕನ್ನಡಕ್ಕೆ ತಿರುಗಿ.

"ಒಂದು ಅಪ್ಪನಿಗೆ, ಒಂದು ಅಮ್ಮನಿಗೆ."

"ನಿಮ್ಮ ಅಮ್ಮನಿಗೆ ಕಣ್ಣಿನ ಆಪರೇಷನ್ ಅಂತ ನೀವು ಜನವರಿಗೆ ರಜೆ ಕೇಳಿದ್ದಲ್ವಾ?"

ಕ್ಲೋಟಿಲ್ಡಾ ನಾಲಿಗೆ ಕಚ್ಚಿಕೊಂಡಳು. ಶಿರ್ವದಲ್ಲಿ ಗಟ್ಟಿಮುಟ್ಟಾಗಿ ಕೂತು ಟಿವಿ ನೋಡುತ್ತಿರುವ ತಾಯಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

"ಅತ್ತೆಗೆ. ಅಪ್ಪನಿಗೊಂದು, ಅತ್ತೆಗೊಂದು. ಎಂತ ಮಾರಾಯ, ಮಾತಿನ ಭರಾಟೆಯಲ್ಲಿ ಒಂದು ಹೆಸರು ಹೆಚ್ಚುಕಮ್ಮಿ ಬರ್ಲಿಕ್ಕಿಲ್ವಾ?"

ವಿನೀತ್ ಮರಳು ತುಂಬಿದ ಕುಂಡವನ್ನು ನೋಡಿದ, ಬಿಚ್ಚಿಟ್ಟ ಹಲಗೆಯನ್ನು ನೋಡಿದ, ನೀರಿನ ಬಕೆಟ್ಟನ್ನು ನೋಡಿದ. ಇಸ್ತ್ರಿ ಮಾಡಿದ ಬಿಳಿ ಬ್ಲೌಸ್ ತೊಟ್ಟು ನಿಂತಿದ್ದ ಮುದುಕಿಯನ್ನೂ ನೋಡಿದ. ಟ್ಯಾಬ್ಲೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನಂಗೆ ಬರೀದೆ ಇರ್ಲಿಕ್ಕೆ ಆಗುದಿಲ್ಲ ಬಾಯಮ್ಮ, ಕಣ್ಣಾರೆ ಕಂಡದ್ದು. ಇದು ನಿಮ್ಮ ಹೆಸರಿಗೆ ಹೋಗ್ತದೆ. ವಾರ್ನಿಂಗ್ ಲೆಟರ್ ಬರ್ತದೆ. ಹನ್ನೊಂದು ವರ್ಷದಲ್ಲಿ ಮೊದಲನೇದ್ದು. ಇನ್ನು ನಿಮ್ಮ ನೋಟ್ಸನ್ನು ಹೊಸಬ್ರಿಗೆ ತೋರಿಸ್ಲಿಕ್ಕೂ ಆಗುದಿಲ್ಲ."

ಈ ಕೊನೆಯ ಮಾತು ಅವಳಿಗೆ ನಿಜವಾಗಿ ನೋವು ಕೊಟ್ಟಿತು. ಆದರೂ ಗಲ್ಲ ಎತ್ತಿ, "ಬರಿ" ಎಂದಳು.

ಅವನು ಬರೆದ. ಆಮೇಲೆ ಫಾರ್ಮಿನ ಕೊನೆಯ ಪ್ರಶ್ನೆಯನ್ನು ಎಲ್ಲ ಮನೆಗಳಲ್ಲೂ ಓದುವ ಹಾಗೆ ಇಂಗ್ಲಿಷಿನಲ್ಲಿ ಓದಿದ: "ಈ ಕ್ಲೈಂಟ್ ವಿರುದ್ಧ ನಿಮಗೆ ಯಾವುದಾದರೂ ದೂರು ಅಥವಾ ಅಸಮಾಧಾನ ಇದೆಯೇ?"

ಎಸ್ತರ್ ತಟ್ಟನೆ ತಲೆ ಎತ್ತಿದರು. ಕ್ಲೋಟಿಲ್ಡಾಳಿಗೂ ಅದು ಯಾವ ಪ್ರಶ್ನೆ ಎಂದು ತಿಳಿಯಿತು. ಅವಳು ವಿನೀತ್‌ನನ್ನು ನೋಡಲಿಲ್ಲ, ಎಸ್ತರ್ ಅವರನ್ನೇ ನೋಡುತ್ತ ಹೇಳಿದಳು:

"ಇಲ್ಲ. ಅವರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ನನಗೆ ಅವರ ಮೇಲೆ ಪ್ರೀತಿ ಉಂಟು."

"ಇಲ್ಲ ಅಂತ ಹಾಕಿದ್ರೆ ಸಾಕು," ಎಂದ ವಿನೀತ್.

"ಪೂರ್ತಿ ಬರಿ ಮಾರಾಯ. ನಿನ್ನದೇನು ಹೋಗ್ತದೆ?"

ವಿನೀತ್ ಪೂರ್ತಿ ಬರೆದ. ಅವನು ಹೊರಟುಹೋದ ಮೇಲೆ ಎಸ್ತರ್ ಕ್ಲೋಟಿಲ್ಡಾಳ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕೆನ್ನೆಗೆ ಒತ್ತಿಕೊಂಡು ಅತ್ತರು. ಕ್ಲೋಟಿಲ್ಡಾ ಕೂಡ ಅತ್ತಳು. ಇಬ್ಬರು ಪಿಂಟೊಗಳೂ ಮೂಗು ಒರೆಸಿಕೊಂಡು, ಆರೂವರೆಯ ತನಕ ಕಪಾಟಿನ ಮುಂದೆ ಕೂತರು.

ಮರುದಿನ ಶನಿವಾರ. ಪಾಪನಿವೇದನೆಗೆ ಕ್ಲೋಟಿಲ್ಡಾ ಇಗರ್ಜಿಗೆ ಹೋದಳು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು: ಸುಳ್ಳು ಹೇಳಿದೆ ಫಾದರ್, ಒಂದಲ್ಲ ಎರಡಲ್ಲ, ಬದುಕಿರುವ ತಾಯಿಯನ್ನು ಸಾಯಿಸಿದೆ, ಒಂದು ನಿಮಿಷದ ಮಟ್ಟಿಗೆ. ಬೆಂಚಿನ ಮೇಲೆ ಕಾಯುತ್ತ ಕೂತಾಗ ಒಂದು ತೊಂದರೆ ಎದ್ದಿತು. ಮಾಡಿದ ಪಾಪಕ್ಕೆ ಮನಸ್ಸಿನಲ್ಲಿ ದುಃಖ ಇರಬೇಕು, ಇನ್ನು ಮಾಡುವುದಿಲ್ಲ ಅಂತ ನಿಶ್ಚಯ ಇರಬೇಕು. ಅವಳು ಒಳಗೆಲ್ಲ ತಡಕಾಡಿ ನೋಡಿದಳು. ದುಃಖ ಒಂದು ಚೂರೂ ಸಿಗಲಿಲ್ಲ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಹೇಳುತ್ತಾಳೆ, ಅದೇ ಕೆಂಪು ಕಿವಿಯಲ್ಲಿ. ದುಃಖ ಇದೆ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳು, ಅದೂ ದೇವರ ಹತ್ತಿರ. ಅವಳ ಸರದಿ ಬಂದಾಗ ಹಿಂದಿನ ಹೆಂಗಸಿಗೆ "ನೀವು ಹೋಗಿ" ಎಂದು ಜಾಗ ಬಿಟ್ಟು ಎದ್ದು ಬಂದಳು. ಸತ್ತವರ ಪೀಠದ ಮುಂದೆ ನಿಂತು ಒಂದು ಮೇಣದಬತ್ತಿ ಹಚ್ಚಿದಳು, ಬ್ರಾಂಕಾಳಿಗೆ. ಎರಡು ಹೆಜ್ಜೆ ಹೋದವಳು ಮತ್ತೆ ಬಂದು ಕತಾಲಿನಾಳಿಗೂ ಒಂದು ಹಚ್ಚಿದಳು.

ಗುರುವಾರ ವಿನೀತ್ ಫೋನು ಮಾಡಿದ. ರಿವ್ಯೂ ಮುಗಿಯಿತು, ಮಿಸ್ ಪಿಂಟೊ ತಮ್ಮ ಫ್ಲ್ಯಾಟಿನಲ್ಲೇ ಇರಬಹುದು. ಒಲೆಗೆ ತಾನಾಗಿ ಆರುವ ಒಂದು ಸ್ವಿಚ್ ಹಾಕಿಸುತ್ತಾರೆ, ಅಷ್ಟೇ. ಬಾಯಮ್ಮನಿಗೆ ಮಾತ್ರ ವಾರ್ನಿಂಗ್ ಲೆಟರ್, ಜೊತೆಗೆ ಒಂದಿಡೀ ದಿನ ಬೆಂಕಿ ಸುರಕ್ಷತೆಯ ಟ್ರೈನಿಂಗ್.

"ಎಲ್ಲಿ?"

"ಅಕ್ಸ್‌ಬ್ರಿಡ್ಜ್‌ನಲ್ಲಿ."

"ನಾನು ಹೋಗ್ತೇನೆ ಮಾರಾಯ. ಅವರು ಹೋಗುದಕ್ಕಿಂತ ನಾನು ಹೋಗುದು ಒಳ್ಳೆದಲ್ವಾ?"

"ಅದಿರ್ಲಿ ಬಾಯಮ್ಮ. ಶುಕ್ರವಾರ ಐದರ ಮೇಲೆ ನಿಮಗೆ ಬೇರೆ ಮನೆ ಹಾಕುದಿಲ್ಲ ನಾನು. ನಿಮ್ಮ ಸತ್ತವರ ತಿಂಗಳು ನವೆಂಬರ್‌ಗೆ ಮುಗಿಯುವ ಹಾಗೆ ಕಾಣುದಿಲ್ಲ."

ಮರುದಿನ ನಾಲ್ಕಕ್ಕೆ ಅವಳು ಒಳಗೆ ಹೋದಾಗ ಎಸ್ತರ್ ಬಿಳಿ ಬ್ಲೌಸ್ ತೊಟ್ಟು ತಯಾರಾಗಿ ಕೂತಿದ್ದರು. ಪಕ್ಕದ ಕುರ್ಚಿಯ ಬೆನ್ನಿಗೆ ಇನ್ನೊಂದು ಬಿಳಿ ಬ್ಲೌಸ್ ನೇತುಹಾಕಿತ್ತು, ತೊಳೆದು, ಕಾಲರಿನ ತನಕ ನೀಟಾಗಿ ಇಸ್ತ್ರಿ ಹಾಕಿ. ಅಳತೆ ಕ್ಲೋಟಿಲ್ಡಾಳದ್ದು.

"ನಿಮ್ಮ ಸೈಜಿನದು ಪೋಸ್ಟಿನಲ್ಲಿ ತರಿಸಿದೆ," ಎಂದರು ಎಸ್ತರ್. "ತೊಳೆದದ್ದು ನಾನೇ, ಕೈಯಲ್ಲಿ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ತೆಗೆದಿದ್ದೇನೆ, ಮೂರು ಸಲ ನೋಡಿದೆ. ಅದನ್ನೂ ಬರಿ."

ಕ್ಲೋಟಿಲ್ಡಾ ಬಚ್ಚಲಿಗೆ ಹೋಗಿ ಅದನ್ನು ತೊಟ್ಟು ಬಂದಳು. ಹೊರಗೆ ಬೆಳಕು ಹೋಗುವ ಮುಂಚೆ ಕಡ್ಡಿ ಗೀರಿ ಎಸ್ತರ್ ಕೈಗೆ ಕೊಟ್ಟಳು. ಆರೂವರೆಗೆ ಎರಡನೆಯ ಬತ್ತಿ ಹೊಗೆಯಾಗಿ ಆರಿತು, ಮರಳಿನ ಮೇಲೆ ಅಂಗೈಯಿಟ್ಟು ತಣ್ಣಗಾಗಿದೆ ಎಂದು ನೋಡಿದಳು. ಆಮೇಲೆ ಫೋನು ತೆಗೆದು ಎಂದಿನ ಹಾಗೆ ಬರೆದಳು. ಬಟಾಣಿ ಸೂಪು ಪೂರ್ತಿ ಕುಡಿದರು. ಸಾನ್ನಾ ಮೂರು. ತೊಳೆದ ಬ್ಲೌಸ್ ತೊಟ್ಟಿದ್ದರು. ತುಂಬಾ ನಕ್ಕರು. ಮೂರು ವಾರದಿಂದ ಖಾಲಿ ಬಿಡುತ್ತಿದ್ದ ಅಪಾಯದ ಜಾಗಕ್ಕೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು.

"ಅಪಾಯ ಇಲ್ಲ," ಎಂದು ಬರೆದಳು. "ನಾನು ಜೊತೆಗಿದ್ದೆ."